ಬೆಕ್ಕಿನ ಕೊರಳಳತೆ

ಟೇಲರಣ್ಣನ ಅಳತೆ ತಪ್ಪಿದ್ದು ಜೀವಮಾನದಲ್ಲಿ ಒಂದೇ ಸಲ, ಅದೂ ಒಂದು ಬೆಕ್ಕಿನ ಕೊರಳಿನ ವಿಷಯದಲ್ಲಿ.

ಆಗಿನ್ನೂ ಜನ ಬಟ್ಟೆ ಕೊಂಡು ಹೊಲಿಸಿಕೊಳ್ಳುತ್ತಿದ್ದ ಕಾಲ. ಟೇಲರಣ್ಣನ ಮನೆಯ ಮುಂದಿನ ಕೋಣೆಯೇ ಅಂಗಡಿ. ಒಂದು ಕಾಲ್ಮಷೀನು, ಕತ್ತರಿಸುವ ಮೇಜು, ಅರ್ಧ ಪಾದರಸ ಹೋದ ನಿಲುಗನ್ನಡಿ, ಮೂಲೆಯಲ್ಲಿ ಚಿಂದಿ ಬಟ್ಟೆಯ ಗುಡ್ಡೆ. ಆ ಮಷೀನಿನ ಕಟಕಟ ಸದ್ದು ಕೇಳದಿದ್ದರೆ ಬೀದಿಗೆ ಬೆಳಗೇ ಆಗುತ್ತಿರಲಿಲ್ಲ. ಗಿರಾಕಿ ಬಾಗಿಲಲ್ಲಿ ನಿಂತರೆ ಸಾಕು, ಅವನ ಸೊಂಟವೆಷ್ಟು ಎದೆಯೆಷ್ಟು ಎಂದು ಕಣ್ಣಲ್ಲೇ ಹೇಳಿಬಿಡುತ್ತಿದ್ದ ಟೇಲರಣ್ಣ, ಆಮೇಲೆ ಟೇಪು ಹಿಡಿಯುತ್ತಿದ್ದುದು ಬರೀ ಶಾಸ್ತ್ರಕ್ಕೆ.

ಅಂಥವನು ಮನೆಯ ಬೆಕ್ಕಿಗೆ ಕೊರಳಪಟ್ಟಿ ಹೊಲಿಯಲು ಹೋಗಿ ಮರ್ಯಾದೆ ಕಳೆದುಕೊಂಡ. ಬೆಳಿಗ್ಗೆ ಅಳತೆ ತೆಗೆದು ಸಂಜೆ ಕಟ್ಟಲು ಹೋದರೆ ಪಟ್ಟಿ ಗಿಡ್ಡ. ಬಿಚ್ಚಿ ದೊಡ್ಡದು ಮಾಡಿ ಮರುದಿನ ಬೆಳಿಗ್ಗೆ ಕಟ್ಟಿದರೆ ಬೆಕ್ಕು ತಲೆ ಒದರಿ ಪಟ್ಟಿಯನ್ನು ನೆಲಕ್ಕೆ ಕೆಡವಿ ನಡೆಯಿತು. ಮತ್ತೆ ಚಿಕ್ಕದು ಮಾಡಿದ. ಸಂಜೆಗೆ ಮತ್ತೆ ಗಿಡ್ಡ! "ಈ ದರಿದ್ರ ಟೇಪೇ ಹಿಗ್ಗಿಹೋಗಿದೆ" ಎಂದು ಟೇಪನ್ನು ಚಿಂದಿ ಗುಡ್ಡೆಗೆ ಎಸೆದ.

ಹೆಂಡತಿ ಒಳಬಾಗಿಲಿಗೆ ಒರಗಿ ನಿಂತು, ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. "ಟೇಪಿನ ತಪ್ಪಲ್ಲ ಕಣ್ರೀ."

"ಹಾಗಾದ್ರೆ ನನ್ನ ತಪ್ಪಾ?"

"ನಿಮ್ಮದೂ ಅಲ್ಲ."

"ಮತ್ತೆ ಯಾರದೇ?"

"ಬೆಕ್ಕಿಂದು" ಎಂದು ಒಳಗೆ ಹೋದವಳು ಅಡುಗೆಮನೆಯಲ್ಲೂ ಬಹಳ ಹೊತ್ತು ನಗುತ್ತಲೇ ಇದ್ದಳು.

ಬೆಕ್ಕು ತಂದವಳು ಅವಳೇ. ಬೂದಿ ಬಣ್ಣ, ನಾಲ್ಕೂ ಪಾದ ಬಿಳಿ. ಟೇಲರಣ್ಣನ ಮನೆಯ ಬೆಕ್ಕೆಂದು ಅದಕ್ಕೆ ಗುಂಡಿ ಎಂದು ಹೆಸರಿಟ್ಟಳು. ಟೇಲರಣ್ಣ ಅಂದೇ ಕಟ್ಟುನಿಟ್ಟಾಗಿ ಹೇಳಿದ್ದ. "ಒಂದಾದ್ರೆ ಇರಲಿ. ಎರಡನೇ ಬೆಕ್ಕು ಈ ಹೊಸಲು ದಾಟಿದ್ರೆ ನಾನು ಮನೆ ಬಿಟ್ಟು ಆಚೆ ಹೋಗ್ತೀನಿ, ನೋಡ್ತಿರು!" ಮಾತು ಮಾತಿಗೂ ಶಪಥ ಮಾಡುವುದು ಅವನ ಚಾಳಿ. ಅವಳು "ಆಗಲಿ" ಎಂದು ತಲೆಯಾಡಿಸಿ, ಮುಂಬಾಗಿಲಿಗೊಂದು ಹಿಂಬಾಗಿಲಿಗೊಂದು ತಟ್ಟೆ ಇಟ್ಟಳು. "ಒಂದು ಬೆಕ್ಕಿಗೆ ಎರಡು ತಟ್ಟೆ ಯಾಕೆ?" ಎಂದು ಕೇಳಿದರೆ, "ಒಂದು ಬೆಳಗಿಂದು, ಒಂದು ಸಂಜೆದು" ಎಂದಳು. ಹೆಂಗಸರ ಅಡುಗೆಮನೆ ಲೆಕ್ಕದಲ್ಲಿ ತಲೆ ಹಾಕಬಾರದೆಂದು ಅವನು ಸುಮ್ಮನಾದ.

ಗುಂಡಿಯ ಗುಣ ಮಾತ್ರ ಒಗಟಾಗಿತ್ತು. ಬೆಳಿಗ್ಗೆ ಮುಂಬಾಗಿಲಿಗೆ ಬಂದಾಗ ಪರಮ ಸಾಧು, ಮಷೀನಿನ ಹಲಗೆಯ ಮೇಲೇ ಕೂತು ಕಣ್ಣು ಮುಚ್ಚುತ್ತಿತ್ತು. ಸಂಜೆ ಹಿತ್ತಿಲ ಕಡೆಯಿಂದ ಬಂದಾಗ ಮುಟ್ಟಲು ಹೋದರೆ ಪರಚುತ್ತಿತ್ತು. ಬೆಳಿಗ್ಗೆ ಹೊಟ್ಟೆ ಸಪಾಟು, ಸಂಜೆ ಗುಡಾಣ. ಇಡೀ ದಿನ ಕಂಡವರ ಮನೆಯಲ್ಲಿ ತಿಂದರೆ ಇನ್ನೇನಾಗುತ್ತದೆ ಎಂದುಕೊಂಡ ಟೇಲರಣ್ಣ. ಮೂಗನ್ನು ಸೂಜಿಗೆ ಅಂಟಿಸಿಕೊಂಡು ಬದುಕುವವನಿಗೆ ಅದಕ್ಕಿಂತ ಹೆಚ್ಚು ನೋಡುವ ಪುರಸೊತ್ತಿರಲಿಲ್ಲ.

ಹೆಂಡತಿ ತೀರಿಕೊಂಡಳು. ಮೂರು ದಿನದ ಜ್ವರ ನೆಪ ಅಷ್ಟೆ. ಟೇಲರಣ್ಣ ಅವಳಿದ್ದಾಗ ನಡೆದಂತೆಯೇ ಎಲ್ಲವನ್ನೂ ನಡೆಸಿಕೊಂಡು ಹೋದ. ಅವಳು ಮಡಿಸಿದಂತೆಯೇ ಹೊದಿಕೆ ಮಡಿಸಿದ, ಅವಳು ಇಟ್ಟಲ್ಲೇ ಎರಡು ತಟ್ಟೆ ಇಟ್ಟ. ಸಂಜೆ ಗುಂಡಿ ಪರಚಿದರೂ ಅವಳೇ ಮುಟ್ಟಿದಂತಾಗುತ್ತಿತ್ತು ಅವನಿಗೆ.

ಬೆಕ್ಕಿಗೆ ಮಾತ್ರ ಹೇಳುವವರು ಕೇಳುವವರು ಇಲ್ಲದಂತಾಯಿತು. ಒಂದು ಸಲ ಮರಿ ಹಾಕಿತು, ಬೀದಿಯವರು ಪ್ರೀತಿಯಿಂದ ಹಂಚಿಕೊಂಡರು. ಮತ್ತೊಂದು ಸಲ ಹಾಕಿತು, ದಾಕ್ಷಿಣ್ಯಕ್ಕೆ ಹಂಚಿಕೊಂಡರು. ಆ ಎರಡನೇ ಬಾಣಂತನವಂತೂ ನಡೆದದ್ದು ಮಹಡಿಯ ಮೇಲಿನ ಓನರಮ್ಮನ ಅಲಮಾರಿಯಲ್ಲಿ, ಆಕೆಯ ಹೊಸ ಉಣ್ಣೆ ಶಾಲಿನ ಮೇಲೆ. ಓನರಮ್ಮ ಒಳ್ಳೆಯ ಹೆಂಗಸು, ಆದರೆ ಶಾಲಿಗಿಂತ ಒಳ್ಳೆಯವಳಲ್ಲ.

"ಟೇಲರ್, ಇನ್ನೊಂದು ಸಲ ನಿಮ್ಮ ಬೆಕ್ಕು ಈ ಕಟ್ಟಡದಲ್ಲಿ ಮರಿ ಹಾಕ್ತೋ, ನೀವು ಮನೆ ಖಾಲಿ ಮಾಡಿ ಅಷ್ಟೆ. ಇಲ್ಲಾ ಬೆಕ್ಕನ್ನ ಎಲ್ಲಾದ್ರೂ ದೂರ ಬಿಟ್ಟು ಬನ್ನಿ. ಎರಡರಲ್ಲಿ ಒಂದು."

ಹೆಂಡತಿ ಬಾಳಿ ಬದುಕಿದ ಮನೆ ಬಿಡುವುದೇ? ಹೆಂಡತಿ ಸಾಕಿದ ಬೆಕ್ಕು ಬಿಡುವುದೇ? ಅತ್ತ ದರಿ ಇತ್ತ ಪುಲಿ. ಆಪರೇಷನ್ ಮಾಡಿಸಿದರೆ ಬೆಕ್ಕಿಗೆ ಮರಿಯಾಗುವುದಿಲ್ಲ ಎಂದು ಯಾರೋ ಹೇಳಿದರು. ಕೂಡಲೇ ದೊಡ್ಡ ರಸ್ತೆಯ ಪ್ರಾಣಿ ಡಾಕ್ಟರ ಹತ್ತಿರ ಹೋದ. ಅಲ್ಲಿ ಗಾಜಿನ ಬಾಗಿಲು, ಮೀನಿನ ತೊಟ್ಟಿ, ಮೆತ್ತನೆಯ ಸೋಫಾ. ಸೋಫಾ ನೋಡಿದಾಗಲೇ ಅರ್ಧ ಎದೆ ಒಡೆದಿತ್ತು, ಫೀಜು ಕೇಳಿದ ಮೇಲೆ ಪೂರ್ತಿ ಒಡೆಯಿತು. ಆ ದುಡ್ಡಿಗೆ ಗುಂಡಿಯ ಮದುವೆಯನ್ನೇ ಗಡದ್ದಾಗಿ ಮಾಡಬಹುದಿತ್ತು. "ಸ್ವಲ್ಪ ಕಡಿಮೆಗೆ ಆಗಲ್ವಾ ಡಾಕ್ಟ್ರೇ? ಹೊಲಿಗೆ ಬೇಕಾದ್ರೆ ನಾನೇ ಹಾಕ್ಕೊಳ್ತೀನಿ" ಎಂದು ಕೇಳಿದ್ದಕ್ಕೆ ಅವರು ಗಾಜಿನ ಬಾಗಿಲು ತೋರಿಸಿದರು.

ಕೊನೆಗೆ ದಾರಿ ಸಿಕ್ಕಿದ್ದು ದನದ ಆಸ್ಪತ್ರೆಯಲ್ಲಿ. ಅಲ್ಲಿ ವರ್ಷಕ್ಕೊಂದು ದಿನ ಶಿಬಿರ. ಒಂದು ಲೋಟ ಟೀ ಖರ್ಚಿಗಿಂತ ಸ್ವಲ್ಪ ಹೆಚ್ಚು ಕೊಟ್ಟರೆ ಆಪರೇಷನ್ ಮುಗಿಯುತ್ತಿತ್ತು. ಆದರೆ ಮನೆಗೊಂದೇ ಚೀಟಿ, ಮನೆಗೊಂದೇ ಪ್ರಾಣಿ, ಸಂಜೆಯೊಳಗೆ ಮುಗಿಯಬೇಕು. ಟೇಲರಣ್ಣ ಚೀಟಿ ತಂದು ನಿಲುಗನ್ನಡಿಗೆ ಸಿಕ್ಕಿಸಿ ದಿನ ಕಾದ.

ಶಿಬಿರದ ದಿನ ಬಂತು. ಹಿಂದಿನ ರಾತ್ರಿಯಿಂದ ಬೆಕ್ಕಿಗೆ ಏನೂ ಕೊಡಬಾರದೆಂದು ಹೇಳಿದ್ದರಿಂದ ತಟ್ಟೆಗಳೆರಡೂ ಖಾಲಿ. ಗುಂಡಿ ಮುಂಬಾಗಿಲಿಗೆ ಬಂದು ಖಾಲಿ ತಟ್ಟೆಯನ್ನೂ ಯಜಮಾನನನ್ನೂ ಒಂದಾದ ಮೇಲೊಂದು ನೋಡಿತು. ಟೇಲರಣ್ಣ ಮೆಲ್ಲಗೆ ಬಗ್ಗಿ ಇನ್ನೇನು ಎತ್ತಿಕೊಳ್ಳಬೇಕು, ಅಷ್ಟರಲ್ಲಿ ಡ್ರಿಲ್ ಮಾಸ್ತರು ಒಳಗೆ ಬಂದರು.

ಎದುರು ಮನೆಯ ಡ್ರಿಲ್ ಮಾಸ್ತರು ನಿವೃತ್ತರಾಗಿದ್ದರೂ ಅವರ ಕೊರಳಿನ ಸೀಟಿ ನಿವೃತ್ತವಾಗಿರಲಿಲ್ಲ. ಆ ಸಂಜೆ ಹಳೆಯ ವಿದ್ಯಾರ್ಥಿಗಳು ಶಾಲೆಯಲ್ಲಿ ಅವರಿಗೆ ಸನ್ಮಾನ ಇಟ್ಟುಕೊಂಡಿದ್ದರು. ಅದಕ್ಕೆಂದು ಹೊಲಿಸಿದ ಬಿಳಿ ಪ್ಯಾಂಟು ಇಸ್ತ್ರಿಯಾಗಿ ಮೇಜಿನ ಮೇಲೆ ಮಲಗಿತ್ತು.

"ಏನಯ್ಯಾ ಟೇಲರ್, ಬಗ್ಗಿ ಏನು ಹುಡುಕ್ತಿದ್ದೀಯ?"

"ಶ್! ಮಾಸ್ತರೇ, ಬೆಕ್ಕು ಹಿಡೀತಿದ್ದೀನಿ. ಇವತ್ತು ಆಪರೇಷನ್."

"ಹಿಡಿಯೋದು ಹಾಗಲ್ಲ. ಎಂಥೆಂಥ ಪುಂಡ ಹುಡುಗರನ್ನ ಸಾಲಲ್ಲಿ ನಿಲ್ಲಿಸಿದೀನಿ ನಾನು, ಇದೊಂದು ಬೆಕ್ಕು ಯಾವ ಲೆಕ್ಕ?" ಎಂದವರೇ, ಬೇಡ ಬೇಡ ಎನ್ನುವಷ್ಟರಲ್ಲಿ ಸೀಟಿ ಊದಿಬಿಟ್ಟರು.

ಮುಂದೆ ನಡೆದದ್ದನ್ನು ಹೇಳುವುದಕ್ಕಿಂತ ಆಮೇಲೆ ಕೋಣೆ ಗುಡಿಸಿದ್ದನ್ನು ಹೇಳುವುದು ಸುಲಭ. ಗುಂಡಿ ಮಷೀನಿನಿಂದ ಕನ್ನಡಿಗೆ, ಕನ್ನಡಿಯಿಂದ ತೂಗುಹಾಕಿದ ಅಂಗಿಗಳಿಗೆ ನೆಗೆಯಿತು. ದಾರದುಂಡೆಗಳು ಉರುಳಿ ಬೀದಿ ಸೇರಿದವು. ಸದ್ದು ಕೇಳಿ ಪಕ್ಕದ ಕಟಿಂಗ್ ಅಂಗಡಿಯವನು ಗಿರಾಕಿಯ ಒಂದು ಕೆನ್ನೆ ಬೋಳಿಸಿ, ಇನ್ನೊಂದು ಕೆನ್ನೆಗೆ ನೊರೆ ಹಚ್ಚಿದಂತೆಯೇ ಬಿಟ್ಟು ಓಡಿಬಂದ.

ಇವನಿಗೆ ಬೀದಿಯವರೆಲ್ಲ ರೇಡಿಯೋ ಎಂದು ಹೆಸರಿಟ್ಟಿದ್ದರು. ಯಾರ ಮನೆಯ ಹಾಲು ಉಕ್ಕಿದರೂ ಅದರ ವಾರ್ತೆ ಇವನ ಅಂಗಡಿಯಿಂದಲೇ ಬಿತ್ತರವಾಗುತ್ತಿತ್ತು. ಬೇಡವೆಂದರೂ ನಿಲ್ಲದ ಆ ರೇಡಿಯೋ ಬಾಗಿಲಲ್ಲಿ ನಿಂತು ಬೆಕ್ಕನ್ನು ನೋಡಿ, ಬಾಯಿ ತೆರೆದು, ಹಾಗೇ ಮುಚ್ಚಿದ.

"ಅಣ್ಣಾ, ಆಪರೇಷನ್ನು ಬೆಳಿಗ್ಗೆನೇ ಆಗಬೇಕಾ? ಸಂಜೆವರೆಗೂ ಕಾಯೋಣ."

"ಸಂಜೆ ಶಿಬಿರ ಮುಗಿದೇ ಹೋಗುತ್ತಲ್ಲೋ!"

"ಅಲ್ಲ ಅಣ್ಣ, ಸಂಜೆ ಬೆಕ್ಕು… ಅಂದ್ರೆ, ಸಂಜೆ ಹೊತ್ತಿಗೆ ಬೆಕ್ಕು…" ಎಂದು ಉಗುಳು ನುಂಗಿದ.

"ಸಂಜೆ ಮುಟ್ಟೋಕೆ ಹೋದ್ರೆ ಪರಚುತ್ತೆ, ನಿನಗೆ ಗೊತ್ತಿಲ್ಲ. ಸುಮ್ಮನೆ ಆ ಕಡೆ ಬಾಗಿಲು ಹಾಕು."

ಮಾಸ್ತರು ಎರಡನೇ ಸೀಟಿ ಊದಿದರು. ಗುಂಡಿಗೆ ದಿಕ್ಕು ತಪ್ಪಿತು. ಮೇಜಿಗೆ ಹಾರಿ, ಕತ್ತಲೆಯಾಗಿ ಕಂಡ ಮೊದಲ ಬಿಲಕ್ಕೆ ನುಗ್ಗಿತು. ಅದು ಮಾಸ್ತರ ಹೊಸ ಪ್ಯಾಂಟಿನ ಸೊಂಟ. ಎಡಗಾಲಿನಲ್ಲಿ ಮೊಣಕಾಲವರೆಗೆ ಸರಾಗವಾಗಿ ಇಳಿಯಿತು. ಅಲ್ಲಿಂದ ಕೆಳಗೆ ಮಾಸ್ತರ ಇಷ್ಟದಂತೆ ಬಿಗಿಯಾಗಿ ಹೊಲಿದಿದ್ದರಿಂದ ಸಿಕ್ಕಿಬಿತ್ತು. ಎಳೆದರೆ ಒಳಗಿನಿಂದ ಉಗುರು ಊರಿ ಕೂತಿತು.

"ನನ್ನ ಪ್ಯಾಂಟು!" ಎಂದರು ಮಾಸ್ತರು.

"ನನ್ನ ಬೆಕ್ಕು!" ಎಂದ ಟೇಲರಣ್ಣ.

ಆದರೆ ಅವನು ವ್ಯವಹಾರಸ್ಥ. ಸಿಕ್ಕ ಬೆಕ್ಕನ್ನು ಬಿಡಬಾರದೆಂದು ಸೊಂಟದ ಕಡೆಗೊಂದು, ಪಾದದ ಕಡೆಗೊಂದು ಲಾಡಿ ಬಿಗಿದ. ಪ್ಯಾಂಟನ್ನು ಹೆಗಲಿಗೆ ಹಾಕಿಕೊಂಡು, ಕನ್ನಡಿಯಿಂದ ಚೀಟಿ ಕಿತ್ತುಕೊಂಡು ಹೊರಟ. "ನನ್ನ ಪ್ಯಾಂಟು ಎಲ್ಲಿಗೋ ನಾನೂ ಅಲ್ಲಿಗೆ" ಎಂದು ಮಾಸ್ತರು ಹಿಂದೆ ಬಂದರು. ಯಾರೂ ಕರೆಯದಿದ್ದರೂ ರೇಡಿಯೋ ಬಂದ. "ನಂದು ಅರ್ಧಕ್ಕೆ ನಿಂತಿದೆ ಕಣಯ್ಯಾ!" ಎಂದು ನೊರೆಕೆನ್ನೆಯ ಗಿರಾಕಿ ಬೀದಿಯ ತುದಿಯವರೆಗೂ ಬಂದು ಕೂಗಿದ.

ಬಸ್ಸಿನಲ್ಲಿ ಟೇಲರಣ್ಣ ಪ್ಯಾಂಟನ್ನು ಮಗುವಿನಂತೆ ತೊಡೆಯ ಮೇಲೆ ಮಲಗಿಸಿಕೊಂಡ. ಬಲಗಾಲು ಪಕ್ಕದವರ ಮಡಿಲಲ್ಲಿ ಜೋತಾಡುತ್ತಿತ್ತು. ಎಡಗಾಲು ಆಗಾಗ ತಾನಾಗಿಯೇ ಮಡಚಿ ಬಿಚ್ಚಿಕೊಳ್ಳುತ್ತಿತ್ತು. ಪಕ್ಕದವರು ಎದ್ದು ಹೋಗಿ ನಿಂತುಕೊಂಡರು.

ಕಂಡಕ್ಟರು ಮೂರು ಟಿಕೆಟ್ ಹರಿದು, ಪ್ಯಾಂಟಿನ ಕಡೆ ನೋಡಿದ. "ಇದಕ್ಕೆ?"

"ಪ್ಯಾಂಟಿಗೂ ಟಿಕೆಟ್ಟಾ?"

"ಪ್ಯಾಂಟಿಗಿಲ್ಲ ಸ್ವಾಮಿ. ಒಳಗಡೆ ಇರೋರಿಗೆ."

ಗುಂಡಿ ಅದೇ ಗಳಿಗೆಯಲ್ಲಿ ಒಳಗಿನಿಂದ ತನ್ನ ಹಾಜರಿ ಹೇಳಿತು. ಟೇಲರಣ್ಣ ಅರ್ಧ ಟಿಕೆಟ್ ಕೊಂಡ.

ದಾರಿಯುದ್ದಕ್ಕೂ ರೇಡಿಯೋ ಮೌನವಾಗಿದ್ದ. ಒಂದೆರಡು ಸಲ "ಅಣ್ಣಾ…" ಎಂದ. "ಏನೋ?" ಎಂದರೆ "ಏನಿಲ್ಲ ಅಣ್ಣ" ಎಂದು ಕಿಟಕಿಯ ಕಡೆ ತಿರುಗಿದ. ಅವನ ಬಾಯಲ್ಲಿ ಮಾತಿಲ್ಲದ್ದು ಕಂಡು ಟೇಲರಣ್ಣನಿಗೆ ಇವನ ಹೊಟ್ಟೆ ಸರಿಯಿಲ್ಲವೇನೋ ಎನಿಸಿತು.

ದನದ ಆಸ್ಪತ್ರೆಯ ಅಂಗಳದಲ್ಲಿ ಫಿನಾಯಿಲ್ ವಾಸನೆ. ಒಂದೇ ಒಂದು ಉದ್ದನೆಯ ಬೆಂಚು. ಅದರ ಮೇಲೆ ಜಗತ್ತಿನ ಬಡ ನಾಯಿ ಬೆಕ್ಕುಗಳೆಲ್ಲ ತಮ್ಮ ತಮ್ಮ ಬಡ ಯಜಮಾನರನ್ನು ಕರೆದುಕೊಂಡು ಬಂದು ಕೂತಿದ್ದವು. ಸಕ್ಕರೆ ಚೀಲದಲ್ಲಿ ಬೆಕ್ಕು, ತರಕಾರಿ ಬುಟ್ಟಿಯಲ್ಲಿ ಬೆಕ್ಕು, ಮಗುವಿನ ತೊಟ್ಟಿಲಲ್ಲಿ ನಾಯಿ. ಪ್ಯಾಂಟಿನಲ್ಲಿ ಬಂದದ್ದು ಇದೊಂದೇ. ನಾಯಿಗಳೆಲ್ಲ ಎದ್ದು ನಿಂತು ಪ್ಯಾಂಟಿಗೆ ಬೊಗಳಿದವು. ಗಾಬರಿಗೆ ಗುಂಡಿ ಒಳಗೇ ಮಾಡಬಾರದ್ದನ್ನು ಮಾಡಿತು. ಬಿಳಿ ಪ್ಯಾಂಟಿನ ಮೇಲೆ ಹಳದಿ ಹರಡುವುದನ್ನು ಮಾಸ್ತರು ನೋಡಿ, ಸೀಟಿಯನ್ನು ಕೊರಳಿನಿಂದ ತೆಗೆದು ಜೇಬಿಗೆ ಹಾಕಿಕೊಂಡರು.

ಡಾಕ್ಟರು ವಯಸ್ಸಾದವರು, ಕನ್ನಡಕವನ್ನು ಹಣೆಗೇರಿಸಿಕೊಂಡು ಅದನ್ನೇ ಮೇಜಿನ ಮೇಲೆ ಹುಡುಕುತ್ತಿದ್ದರು. ಲಾಡಿ ಬಿಚ್ಚಿ ಎಳೆದು ನೋಡಿ, ಆಗದೆ ಕತ್ತರಿ ಕೈಗೆತ್ತಿಕೊಂಡರು.

"ಹೊಲಿಗೆ ಮೇಲೆ ಬಿಡಿಸಿ ಡಾಕ್ಟ್ರೇ, ಬಟ್ಟೆ ಮೇಲೆ ಬೇಡ!" ಎಂದು ಟೇಲರಣ್ಣ ಕೂಗುವಷ್ಟರಲ್ಲಿ ಕತ್ತರಿ ಮೊಣಕಾಲಿನಿಂದ ಪಾದದವರೆಗೆ ಸೊಟ್ಟಸೊಟ್ಟಗೆ ಹರಿದಾಗಿತ್ತು. ಅವನು ಕಣ್ಣು ಮುಚ್ಚಿಕೊಂಡ. ಮಾಸ್ತರು ಗೋಡೆ ಹಿಡಿದುಕೊಂಡರು.

ಡಾಕ್ಟರು ಗುಂಡಿಯನ್ನು ಮಲಗಿಸಿ ಹೊಟ್ಟೆ ಸವರಿದರು, ಕೂದಲು ಬಿಡಿಸಿ ನೋಡಿದರು, ಮತ್ತೆ ನೋಡಿದರು. "ಏನ್ರೀ, ಇದಕ್ಕೆ ಆಪರೇಷನ್ ಆಗಿದೆಯಲ್ರೀ."

"ಇಲ್ಲ ಡಾಕ್ಟ್ರೇ, ಆಗಬೇಕು."

"ಆಗಿದೆ ಅಂತೀನಿ. ಇಲ್ಲಿ ನೋಡಿ, ಹಳೇ ಗೀರು. ಇದು ನನ್ನ ಹೊಲಿಗೇನೇ."

ಟೇಲರಣ್ಣ ಬಗ್ಗಿ ನೋಡಿದ. ಬೂದಿ ಕೂದಲಿನ ನಡುವೆ ಸಣ್ಣದೊಂದು ಗೆರೆ. ಕಸುಬಿನ ಚಾಳಿ, ಬಾಯಿ ಸುಮ್ಮನಿರಲಿಲ್ಲ. "ನಡುವೆ ಸ್ವಲ್ಪ ಸೊಟ್ಟ ಆಗಿದೆ."

ಡಾಕ್ಟರು ತಲೆಯೆತ್ತಿದರು. ಹಣೆಯ ಮೇಲಿದ್ದ ಕನ್ನಡಕ ತಾನಾಗಿಯೇ ಮೂಗಿಗೆ ಇಳಿಯಿತು. "ಇದೇ ಮಾತು ಮೊದಲೂ ಒಬ್ರು ಹೇಳಿದ್ರು. ಒಬ್ಬ ಹೆಂಗಸು. ಬೆಕ್ಕನ್ನ ಬುಟ್ಟೀಲಿ ತಂದಿದ್ರು. ನಾನು ಹೊಲಿಗೆ ಹಾಕಿ ಮುಗಿಸಿದ್ದೇ ತಡ, 'ನಮ್ಮ ಮನೆಯವರಾಗಿದ್ರೆ ಇನ್ನೂ ಸಣ್ಣ ಹೊಲಿಗೆ ಹಾಕ್ತಿದ್ರು' ಅಂದ್ರು. ನನ್ನ ಇಷ್ಟು ವರ್ಷದ ಸರ್ವೀಸಲ್ಲಿ ಯಾರೂ ನನಗೆ ಹಾಗೆ ಅಂದಿಲ್ಲ. ಹೊರಡುವಾಗ ಮತ್ತೆ, 'ಮುಂದಿನ ವರ್ಷನೂ ಬರ್ತೀನಿ, ಅಷ್ಟರಲ್ಲಿ ಹೊಲಿಗೆ ಕಲಿತಿರಿ' ಅಂತ ನಗಾಡಿ ಹೋದ್ರು. ಬರಲೇ ಇಲ್ಲ."

ಟೇಲರಣ್ಣ ಬೆಂಚಿನ ತುದಿಗೆ ಕೂತ. ಅಕ್ಕನ ಮನೆಗೆ ಹೋಗಿಬರುತ್ತೇನೆಂದು ಅವಳು ಒಂದು ದಿನ ಬುಟ್ಟಿ ಹಿಡಿದು ಹೋದದ್ದು ನೆನಪಾಯಿತು. ಸಂಜೆ ಬಂದಾಗ ಮೊಣಕೈಯಲ್ಲಿ ಪರಚಿದ ಗಾಯ. ಅಕ್ಕನ ಮನೆಯ ಗುಲಾಬಿ ಮುಳ್ಳು ಎಂದಿದ್ದಳು. ಮಧ್ಯಾಹ್ನದ ಊಟ ಆರಿಹೋಗಿತ್ತೆಂದು ಅವನು ಆವತ್ತು ಮುಖ ಊದಿಸಿಕೊಂಡು ಮಲಗಿದ್ದ. ಬೆಕ್ಕಿಗೆ ದುಡ್ಡು ಸುರಿಯುವುದಕ್ಕೆ ಇವನೆಲ್ಲಿ ಒಪ್ಪುತ್ತಾನೆಂದು ತಾನು ಕೂಡಿಟ್ಟ ಕಾಸಿನಲ್ಲಿ, ತಾನೊಬ್ಬಳೇ ಬಂದು ಮಾಡಿಸಿಕೊಂಡು ಹೋಗಿದ್ದಾಳೆ. ಇಲ್ಲಿಗೆ ಬಂದೂ ಗಂಡನ ಹೊಲಿಗೆಯನ್ನೇ ಹೊಗಳಿ ಹೋಗಿದ್ದಾಳೆ. ಮನೆಯಲ್ಲಿ ಒಂದು ದಿನವೂ ಹೊಗಳಿದವಳಲ್ಲ. ಅವನ ಕಣ್ಣು ತುಂಬಿಬಂತು.

ಆಮೇಲೆ ಅವನಿಗೊಂದು ಸಂಶಯ ಬಂತು. "ಹಾಗಾದ್ರೆ ಡಾಕ್ಟ್ರೇ, ಆ ಮರಿಗಳು?"

"ಯಾವುದೋ ಬೀದಿ ಬೆಕ್ಕು ಹಾಕಿ ಹೋಗಿರುತ್ತೆ. ಇದು ಪಾಪ, ಪಕ್ಕದಲ್ಲಿ ಕೂತು ನೆಕ್ಕಿರುತ್ತೆ. ಕೆಲವು ಬೆಕ್ಕು ಹಾಗೆ, ತಾಯಿಕರುಳು."

ಟೇಲರಣ್ಣ ಎದ್ದು ನಿಂತ. ಎಂಥ ಪುಣ್ಯಾತ್ಮ ಪ್ರಾಣಿ, ಎಂಥ ಅಪವಾದ ಹೊತ್ತಿತು! ಗುಂಡಿಯನ್ನು ಎದೆಗವಚಿಕೊಂಡ.

"ಚೀಟಿ ಹಾಗೇ ಉಳೀತು" ಎಂದರು ಡಾಕ್ಟರು. "ಮನೇಲಿ ಬೇರೆ ಬೆಕ್ಕು ಗಿಕ್ಕು ಇದ್ರೆ ಸಂಜೆಯೊಳಗೆ ತನ್ನಿ, ಮಾಡಿಕೊಡ್ತೀನಿ."

"ಇಟ್ಕೊಳ್ಳಿ ಅಣ್ಣಾ! ಚೀಟಿ ಇಟ್ಕೊಳ್ಳಿ!" ಎಂದು ರೇಡಿಯೋ ಹಾರಿಬಿದ್ದ.

"ಯಾಕೋ? ನಮ್ಮ ಮನೇಲಿರೋದು ಒಂದೇ ಬೆಕ್ಕು." ಬಾಗಿಲ ಬಳಿ ಚೀಟಿ ಸಿಗದ ಮುದುಕರೊಬ್ಬರು ತಮ್ಮ ನಾಯಿಯೊಂದಿಗೆ ಸಪ್ಪೆ ಮುಖ ಹಾಕಿಕೊಂಡು ನಿಂತಿದ್ದರು. ಟೇಲರಣ್ಣ ದಾನಶೂರನಂತೆ ಹೋಗಿ ಚೀಟಿಯನ್ನು ಅವರ ಕೈಗಿಟ್ಟು, "ನನ್ನ ಹೆಂಡತಿ ಹೆಸರು ಹೇಳಿಕೊಂಡು ಮಾಡಿಸಿ ತಾತ" ಎಂದ. ರೇಡಿಯೋ ಎರಡು ಕೈಯಲ್ಲಿ ತಲೆ ಹಿಡಿದುಕೊಂಡ.

ಬೀದಿಗೆ ಮರಳಿದ ಟೇಲರಣ್ಣ ಯುದ್ಧ ಗೆದ್ದು ಬಂದವನಂತಿದ್ದ. ಗುಂಡಿ ತೋಳಿನಲ್ಲಿ, ಒಂದೂವರೆ ಕಾಲಿನ ಪ್ಯಾಂಟು ಮಾಸ್ತರ ತೋಳಿನಲ್ಲಿ. ಮೆಟ್ಟಿಲ ಮೇಲೆ ಕೂತಿದ್ದ ಅರ್ಧಕೆನ್ನೆಯ ಗಿರಾಕಿ ಎದ್ದು ನಿಂತ, ನೊರೆ ಒಣಗಿ ಸುಣ್ಣದಂತಾಗಿತ್ತು. ಸದ್ದು ಕೇಳಿ ಓನರಮ್ಮ ಇಳಿದು ಬಂದರು. ಅಕ್ಕಪಕ್ಕದವರೂ ಸೇರಿದರು.

"ಆಯ್ತಾ ಆಪರೇಷನ್ನು?" ಎಂದರು ಓನರಮ್ಮ.

"ಆಗಿದೆ ಓನರಮ್ಮ. ಇವತ್ತಲ್ಲ, ಎಂದೋ ಆಗಿದೆ! ನನ್ನ ಹೆಂಡತಿ ಮಾಡಿಸಿ ಹೋಗಿದ್ದಾಳೆ. ಡಾಕ್ಟ್ರೇ ತಮ್ಮ ಬಾಯಾರೆ ಹೇಳಿದ್ರು. ನಿಮ್ಮ ಶಾಲು ಹಾಳು ಮಾಡಿದ್ದು ಯಾವುದೋ ಬೀದಿ ಬೆಕ್ಕು. ಈ ಮೂಕಪ್ರಾಣಿ ಮೇಲೆ ಎಂಥ ಮಾತಾಡಿಬಿಟ್ರಿ ನೀವು!"

ಓನರಮ್ಮನ ಮುಖ ಸಣ್ಣದಾಯಿತು. ಟೇಲರಣ್ಣನ ಹೆಂಡತಿಯ ಮೇಲೆ ಆಕೆಗೂ ಪ್ರೀತಿಯಿತ್ತು. ಮಧ್ಯಾಹ್ನಗಳಲ್ಲಿ ಇಬ್ಬರೂ ಈ ಮೆಟ್ಟಿಲ ಮೇಲೇ ಕೂತು ಅದೆಷ್ಟು ಮಾತಾಡಿರಲಿಲ್ಲ! "ಹೌದಾ? ಪಾಪ, ಅವಳು ನನಗೂ ಹೇಳಲಿಲ್ಲ ನೋಡಿ. ಹೋಗ್ಲಿ ಬಿಡಿ ಟೇಲರ್. ನಾನು ಆಡಿದ ಮಾತು ಮರೆತುಬಿಡಿ. ಆರಾಮಾಗಿ ಇರಿ."

ಇಲ್ಲಿಗೆ ಬಿಟ್ಟಿದ್ದರೆ ಎಲ್ಲ ಸರಿಹೋಗುತ್ತಿತ್ತು. ಆದರೆ ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುವ ಗಾದೆ ಟೇಲರಣ್ಣನಿಗೆ ಎಂದೂ ಅಳತೆಗೆ ಕೂತಿರಲಿಲ್ಲ. ಬೀದಿಯ ಜನ ನೋಡುತ್ತಿದ್ದರು, ಎದೆ ಉಬ್ಬಿತ್ತು, ಹಳೆಯ ಚಾಳಿ ಮೇಲೆದ್ದಿತು.

"ಮರೆಯೋದಲ್ಲ ಓನರಮ್ಮ, ಎಲ್ಲರ ಎದುರಿಗೆ ಹೇಳ್ತೀನಿ ಕೇಳಿ. ನನ್ನ ಬೆಕ್ಕಿನ ಒಂದೇ ಒಂದು ಮರಿ ಈ ಮನೇಲಿ ಕಂಡ್ರೆ, ನೀವು ಹೇಳೋದೇ ಬೇಡ. ಈ ಮಷೀನು ತಲೆ ಮೇಲೆ ಹೊತ್ತುಕೊಂಡು ನಾನೇ ಮನೆ ಬಿಟ್ಟು ಹೋಗ್ತೀನಿ. ಇದು ನನ್ನ ಮಾತು!"

"ಅಯ್ಯೋ ಅಣ್ಣಾ!" ಎಂದ ರೇಡಿಯೋ.

ಟೇಲರಣ್ಣ ಅಂಗಡಿಯ ಬಾಗಿಲನ್ನು ಗತ್ತಿನಿಂದ ತಳ್ಳಿದ. ಎಲ್ಲರೂ ಹಿಂದೆ ಬಂದರು. ಮೂಲೆಯ ಚಿಂದಿ ಗುಡ್ಡೆ ಮೆಲ್ಲಗೆ ಅಲುಗಿತು. ಬಣ್ಣಬಣ್ಣದ ತುಂಡುಬಟ್ಟೆಗಳ ನಡುವೆ ಒಂದು ಬೂದಿ ಬಣ್ಣದ ತಲೆ ಮೇಲೆದ್ದಿತು. ಅದೇ ಮುಖ, ಅದೇ ಕಣ್ಣು, ಅದೇ ಬಿಳಿ ಪಾದ. ಅದರ ಹೊಟ್ಟೆಗೆ ಅಂಟಿಕೊಂಡು ಆಗತಾನೇ ಹುಟ್ಟಿದ ನಾಲ್ಕು ಮರಿಗಳು.

ಟೇಲರಣ್ಣ ಗುಡ್ಡೆಯ ಮೇಲಿನ ಗುಂಡಿಯನ್ನು ನೋಡಿದ. ತೋಳಿನಲ್ಲಿದ್ದ ಗುಂಡಿಯನ್ನು ನೋಡಿದ. ತೋಳಿನಲ್ಲಿದ್ದದ್ದು ಕೆಳಗೆ ಹಾರಿ, ಹೋಗಿ ಮರಿಗಳ ತಲೆ ನೆಕ್ಕತೊಡಗಿತು.

"ಇವೆರಡು… ಇದ್ಯಾರೋ ಇದು?"

ರೇಡಿಯೋ ಕಟ್ಟೆ ಒಡೆದಂತೆ ಶುರುಮಾಡಿದ. "ಕಾಜಾ ಅಣ್ಣ! ಇವಳ ಹೆಸರು ಕಾಜಾ. ಅಕ್ಕತಂಗಿ ಇಬ್ರೂ. ಅತ್ತಿಗೆ ತಂದಿದ್ದೇ ಎರಡು ಮರಿ. ನೀವು ಎರಡನೇದು ಬಂದ್ರೆ ಮನೆ ಬಿಡ್ತೀನಿ ಅಂದ್ರಲ್ಲ, ಅದಕ್ಕೆ ಒಂದನ್ನ ಬೆಳಿಗ್ಗೆ ಮುಂಬಾಗಿಲಿಂದ, ಇನ್ನೊಂದನ್ನ ಸಂಜೆ ಹಿಂಬಾಗಿಲಿಂದ ಬಿಡ್ತಿದ್ರು. ಗುಂಡಿ ಇದ್ದ ಮೇಲೆ ಅದನ್ನ ತೂರಿಸೋ ಕಾಜಾ ಬೇಡ್ವಾ ಅಂತ ನಗೋರು. ಆಸ್ಪತ್ರೆಗೆ ಬುಟ್ಟಿ ಹೊತ್ತಿದ್ದು ನಾನೇ. ಮನೆಗೆ ಒಂದೇ ಚೀಟಿ ಅಂದ್ರು ಆಸ್ಪತ್ರೆಯವರು, ಕಾಜಾದು ಮುಂದಿನ ವರ್ಷ ಮಾಡಿಸೋಣ ಅಂದ್ರು ಅತ್ತಿಗೆ. ಅಷ್ಟರಲ್ಲಿ ಅತ್ತಿಗೇನೇ…"

"ಬೆಳಗಿಂದ ಯಾಕೆ ಬಾಯಿ ಬಿಡಲಿಲ್ಲವೋ ಪಾಪಿ?"

"ಅತ್ತಿಗೆ ಮಾತು ತಗೊಂಡಿದ್ರು ಅಣ್ಣ, ನಿಮಗೆ ಮಾತ್ರ ಹೇಳಬಾರದು ಅಂತ. ನನ್ನನ್ನ ನಂಬಿ ಗುಟ್ಟು ಹೇಳಿದೋರು ಈ ಜನ್ಮದಲ್ಲಿ ಅವರೊಬ್ಬರೇ" ಎಂದು ರೇಡಿಯೋ ಕಣ್ಣೊರೆಸಿಕೊಂಡ.

ಓನರಮ್ಮ ಮರಿಗಳನ್ನು ನೋಡಿದರು, ಮಷೀನನ್ನು ನೋಡಿದರು, ಟೇಲರಣ್ಣನ ತಲೆಯನ್ನು ನೋಡಿದರು.

"ಟೇಲರ್, ನಾನಂತೂ ಬಿಟ್ಟುಬಿಟ್ಟಿದ್ದೆ. ನೀವೇ ಮಾತು ಕೊಟ್ರಿ. ಮಷೀನು ಒಬ್ಬರೇ ಹೊರ್ತೀರಾ, ಜನ ಬೇಕಾ?"

"ಅದಕ್ಕೆ ಮುಂಚೆ ನನ್ನ ಪ್ಯಾಂಟು" ಎಂದರು ಮಾಸ್ತರು.

ಜನ ಚೆದುರಿದ ಮೇಲೆ ಟೇಲರಣ್ಣ ಚಿಂದಿ ಗುಡ್ಡೆಯ ಪಕ್ಕ ನೆಲದ ಮೇಲೆ ಕೂತ. ಕಾಜಾಳ ಬೆನ್ನ ಹಿಂದೆ ಎಂದೋ ಎಸೆದ ಹಳೆಯ ಟೇಪು ಇಣುಕುತ್ತಿತ್ತು. ಎಳೆದುಕೊಂಡು ಒಂದರ ಕೊರಳು ಅಳೆದ, ಇನ್ನೊಂದರದೂ ಅಳೆದ. ಕಾಜಾ ಎಂದಿನಂತೆ ಪರಚಿದಳು. ಒಂದು ಬೆರಳಗಲ ವ್ಯತ್ಯಾಸ. ಟೇಪಿನ ತಪ್ಪಲ್ಲ ಕಣ್ರೀ. ಬಾಗಿಲಿಗೆ ಒರಗಿ ನಗುತ್ತಿದ್ದ ಅವಳು ಕಣ್ಣಿಗೆ ಕಟ್ಟಿದಳು. ಎಷ್ಟು ವರ್ಷ ಎಷ್ಟು ಸೊಗಸಾಗಿ ಮೋಸ ಮಾಡಿದ್ದಳು! ಅವನಿಗೆ ನಗು ಬಂತು, ನಗುತ್ತಾ ನಗುತ್ತಾ ಅಳು ಬಂತು. ಎರಡನೇ ಬೆಕ್ಕು ಹೊಸಲು ದಾಟಿದರೆ ಮನೆ ಬಿಡುತ್ತೇನೆಂದು ಅವಳ ಎದುರಿಗೂ ಶಪಥ ಮಾಡಿದ್ದನಲ್ಲ, ಹೇಗೂ ಬಿಡಲೇಬೇಕಿತ್ತು ಎಂದುಕೊಂಡ.

ಮಾಸ್ತರು ಸನ್ಮಾನವನ್ನು ಹಳೆಯ ಚಡ್ಡಿಯಲ್ಲೇ ಸ್ವೀಕರಿಸಿದರು, ಹಳೆಯ ವಿದ್ಯಾರ್ಥಿಗಳು ಅದನ್ನು ಕಂಡು ಭಾವುಕರಾದರಂತೆ. ಮರಿಗಳು ಕಣ್ಣು ಬಿಟ್ಟು ಓಡಾಡತೊಡಗಿದ ಮೇಲೆ ಒಂದು ರೇಡಿಯೋ ಪಾಲಾಯಿತು, ಒಂದನ್ನು ಅರ್ಧಕೆನ್ನೆಯ ಗಿರಾಕಿ ಒಯ್ದ, ಒಂದು ಮಾಸ್ತರ ಸೀಟಿಗೆ ಹೆದರದೆ ಅವರ ಮನೆಯಲ್ಲೇ ಉಳಿಯಿತು. ನಾಲ್ಕನೆಯದನ್ನು ಓನರಮ್ಮ ಸದ್ದಿಲ್ಲದೆ ಮಹಡಿಗೆ ಕರೆದೊಯ್ದು ಅದೇ ಶಾಲಿನಲ್ಲಿ ಮಲಗಿಸಿದರು. ಆದರೆ ಮಾತು ಮಾತೇ ಎಂದರು.

ಎರಡು ಬೀದಿಯಾಚೆ ಟೇಲರಣ್ಣನಿಗೆ ಒಂದು ಮನೆ ಸಿಕ್ಕಿತು. ಹೊಸ ಓನರು ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡ ಮನುಷ್ಯ. "ಮನೇಲಿ ಎಷ್ಟು ಜನ? ಪ್ರಾಣಿ ಗೀಣಿ ಇದೆಯಾ?" ಎಂದು ಕೇಳಿದ.

"ನಾನೊಬ್ಬನೇ ಸಾರ್. ಒಂದೇ ಒಂದು ಬೆಕ್ಕು. ಆಪರೇಷನ್ ಆಗಿರೋದು, ಮರಿ ಗಿರಿ ರಗಳೆ ಇಲ್ಲ" ಎಂದು ಟೇಲರಣ್ಣ ಗುಂಡಿಯನ್ನು ಎತ್ತಿ ತೋರಿಸಿದ.

"ಒಂದಾದ್ರೆ ಸರಿ" ಎಂದು ಓನರು ಬೀಗದ ಕೈ ಕೊಟ್ಟ.

ಟೇಲರಣ್ಣ ಮುಂಬಾಗಿಲಿಗೊಂದು ತಟ್ಟೆ ಇಟ್ಟು, ಇನ್ನೊಂದು ತಟ್ಟೆ ಹಿಡಿದು ಹಿತ್ತಿಲಿಗೆ ನಡೆದ. ಅಲ್ಲಿ ರೇಡಿಯೋ ಒಂದು ಮುಚ್ಚಿದ ಬುಟ್ಟಿಯನ್ನು ಎದೆಗವಚಿಕೊಂಡು, ತುಟಿ ಬಿಗಿದು ನಿಂತಿದ್ದ.